ಚಂಡಮಾರುತವೂ ಗೃಹರಕ್ಷಣೆಯೂ: ಗುಜರಾತಿನ ಮೂರು ನಗರಗಳ ಕನ್ನಡಿಗರಿಗಾಗಿ ಒಂದು ವಿವೇಚನೆ

ನಮ್ಮ ವೃತ್ತಪತ್ರಿಕೆಗಳು ಬಿರುಗಾಳಿ, ಸುಂಟರಗಾಳಿ, ಚಂಡಮಾರುತ ಎಂಬ ಮೂರು ಶಬ್ದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಶಾಸ್ತ್ರದೃಷ್ಟಿಯಿಂದ ಇವು ಬೇರೆಬೇರೆ. ಬಿರುಗಾಳಿಯೆಂದರೆ ಬಿರುಸಾಗಿ ಬೀಸುವ ಯಾವ ಗಾಳಿಯೂ ಆಗಬಹುದು. ಸುಂಟರಗಾಳಿ ಊರಿನ ಯಾವುದೋ ಒಂದು ಮೂಲೆಯಲ್ಲೆದ್ದು ಸ್ವಲ್ಪ ಹೊತ್ತಿನಲ್ಲೇ ಅಡಗುವ ಸುಳಿ. ಚಂಡಮಾರುತವಾದರೋ ಬೆಚ್ಚನೆಯ ಕಡಲಿನ ಮೇಲೆ ಹುಟ್ಟಿ, ನೂರಾರು ಕಿಲೋಮೀಟರು ಅಗಲಕ್ಕೆ ಹಬ್ಬಿ, ದಿನಗಟ್ಟಲೆ ಬಾಳಿ, ತನ್ನ ನಡುವಣ ಒಂದು ಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ ತಿರುಗುವ ಮಹಾವ್ಯವಸ್ಥೆ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು ೧೮೪೮ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಇದಕ್ಕೆ ‘ಸೈಕ್ಲೋನ್’ ಎಂಬ ಹೆಸರನ್ನಿಟ್ಟನು. ಹಾವಿನ ಸುರುಳಿಯನ್ನು ಹೇಳುವ ಗ್ರೀಕ್ ಶಬ್ದ ಅದರ ಮೂಲ. ಅಟ್ಲಾಂಟಿಕ್ಕಿನಲ್ಲಿ ಹರಿಕೇನ್ ಎಂದೂ ಪೂರ್ವದ ಸಾಗರಗಳಲ್ಲಿ ಟೈಫೂನ್ ಎಂದೂ ಕರೆಯಿಸಿಕೊಳ್ಳುವುದು ಇದೇ ವಸ್ತು. ಗುಜರಾತಿಗಳು ಇದನ್ನು ‘ವಾವಾಝೋಡುಂ’ ಎನ್ನುತ್ತಾರೆ. ಆ ಶಬ್ದದ ಮೊದಲಲ್ಲಿ ನಮ್ಮ ವಾಯುವೇ ಕುಳಿತಿದ್ದಾನೆ.

೨೦೨೩ರ ಜೂನಿನಲ್ಲಿ ಕಚ್ಛವನ್ನು ಹೊಕ್ಕ ಚಂಡಮಾರುತಕ್ಕೆ ‘ಬಿಪರ್‌ಜೋಯ್’ ಎಂಬ ಹೆಸರಿದ್ದಿತು. ಹಲವು ಕನ್ನಡ ಪತ್ರಿಕೆಗಳು ಇದನ್ನು ಯಾವುದೋ ಪರದೇಶದ ಹೆಸರೆಂಬಂತೆ ನಾನಾ ವಿಧವಾಗಿ ಬರೆದುವು. ಈ ಭಾಗದ ಚಂಡಮಾರುತಗಳಿಗೆ ಹದಿಮೂರು ದೇಶಗಳು ಸರದಿಯ ಮೇಲೆ ಹೆಸರನ್ನು ಕೊಡುತ್ತವೆ. ಇದನ್ನು ಕೊಟ್ಟದ್ದು ಬಾಂಗ್ಲಾದೇಶ. ಬಂಗಾಳಿ ಉಚ್ಚಾರಣೆಯ ಮುಸುಕನ್ನು ತೆಗೆದರೆ ಒಳಗೆ ಕಾಣುವುದು ಸಂಸ್ಕೃತದ ‘ವಿಪರ್ಯಯ’. ಅಲ್ಲಿ ವಿಪತ್ತು ಎಂಬ ಅರ್ಥಕ್ಕೆ ತಿರುಗಿದ ಈ ಶಬ್ದ ನಮ್ಮಲ್ಲಿ ತಲೆಕೆಳಗು ಎಂಬ ಮೊದಲಿನ ಅರ್ಥದಲ್ಲಿಯೇ ಉಳಿದಿದೆ. ಮನೆಯ ಮಾಡು ನೆಲಕ್ಕೆ ಬಂದಾಗ ಎರಡು ಅರ್ಥಗಳೂ ಒಂದೇ.

ಈ ಶಬ್ದವಿಚಾರವನ್ನು ಇಲ್ಲಿಗೆ ಬಿಟ್ಟು ಪ್ರಕೃತಕ್ಕೆ ಬರೋಣ. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಕನ್ನಡಿಗರ ಸಂಸಾರಗಳು ಬಹುಕಾಲದಿಂದ ನೆಲೆಸಿವೆ. ಹೋಟಲಿನ ಉದ್ಯಮ, ಬಟ್ಟೆಯ ಗಿರಣಿಗಳು, ಎಣ್ಣೆ ಮತ್ತು ರಸಾಯನದ ಕಾರಖಾನೆಗಳು ಅವರನ್ನು ಕರೆತಂದುವು. ೨೦೧೯ರ ಏಪ್ರಿಲ್ ೧ರಂದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ಬಳಿಕ ವಡೋದರೆಯ ಹೆಸರು ಇನ್ನೂ ಕೆಲವು ಮನೆಗಳಿಗೆ ಹತ್ತಿರವಾಯಿತು. ಇವರಲ್ಲಿ ಕರಾವಳಿಯಿಂದ ಬಂದವರಿಗೆ ಮಳೆಯ ಅಭ್ಯಾಸವುಂಟು, ಚಂಡಮಾರುತದ ಅಭ್ಯಾಸವಿಲ್ಲ. ಅರಬ್ಬೀ ಸಮುದ್ರದಲ್ಲಿ ಹುಟ್ಟುವ ಚಂಡಮಾರುತಗಳು ಸಾಮಾನ್ಯವಾಗಿ ನಮ್ಮ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೋ ವಾಯವ್ಯಕ್ಕೋ ಸಾಗುತ್ತವೆ. ಉಳ್ಳಾಲ ಮಲ್ಪೆಗಳಲ್ಲಿ ಕಡಲ್ಕೊರೆತವನ್ನುಂಟುಮಾಡಿ ಅವು ಮುಂದೆ ಹೋಗುತ್ತವೆ. ಅವು ಹೋಗಿ ಮುಟ್ಟುವ ನೆಲಗಳಲ್ಲಿ ಗುಜರಾತು ಒಂದು. ಬಯಲುಸೀಮೆಯಿಂದ ಬಂದವರಿಗಂತೂ ಎರಡರ ಅಭ್ಯಾಸವೂ ಇಲ್ಲ. ಆದಕಾರಣ ಮೇ-ಜೂನ್ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ‘ವಾವಾಝೋಡುಂ ಬರುತ್ತಿದೆ’ ಎಂಬ ಸುದ್ದಿ ಹಬ್ಬಿದಾಗ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಇರುವುದೋ, ಹೊರಡುವುದೋ? ಇದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಮನೆಯನ್ನು ಒಡೆಯುವುದು ಯಾವುದು, ಮನುಷ್ಯನನ್ನು ಕೊಲ್ಲುವುದು ಯಾವುದು ಎಂಬುದನ್ನು ತಿಳಿಯಬೇಕು.

ಗುಜರಾತಿನ ನೆನಪಿನಲ್ಲಿ ಈ ಪ್ರಶ್ನೆ ಬಹಳ ಹಳೆಯದು. ೧೮೮೮ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಉಗಿಹಡಗು ಸೌರಾಷ್ಟ್ರದ ತೀರದಾಚೆ ಚಂಡಮಾರುತಕ್ಕೆ ಸಿಕ್ಕಿ, ಏಳುನೂರಕ್ಕೂ ಮಿಕ್ಕ ಜನರೊಡನೆ ಕಾಣದಾಯಿತು. ವಿದ್ಯುದ್ದೀಪಗಳಿದ್ದುದರಿಂದ ಜನ ಅದನ್ನು ‘ವೀಜಳಿ’ ಎಂದು ಕರೆಯುತ್ತಿದ್ದರು. ಇಂದಿಗೂ ಅದರ ಮೇಲೆ ಹಾಡುಗಳಿವೆ. ೧೯೭೫ರ ಅಕ್ಟೋಬರಿನಲ್ಲಿ ಪೋರಬಂದರಕ್ಕೂ ೧೯೮೨ರ ನವೆಂಬರಿನಲ್ಲಿ ವೇರಾವಳದ ಕಡೆಗೂ ಚಂಡಮಾರುತಗಳು ಬಡಿದುವು. ೧೯೯೮ರ ಜೂನ್ ೯ರ ಚಂಡಮಾರುತವು ಪೋರಬಂದರದ ಬಳಿ ನೆಲವನ್ನು ಹೊಕ್ಕು ಕಾಂಡ್ಲಾ ಬಂದರಿನತ್ತ ನುಗ್ಗಿತು. ಸತ್ತವರು ಸಾವಿರಕ್ಕೂ ಮಿಕ್ಕು. ಅವರಲ್ಲಿ ಬಹುಮಂದಿ ಬಂದರಿನ ತಗ್ಗು ನೆಲದ ಗುಡಿಸಲುಗಳಲ್ಲಿದ್ದ ಕೂಲಿಗಳು, ಉಪ್ಪಿನ ಗದ್ದೆಯ ಅಗರಿಯಾ ಜನ. ಗಾಳಿಗಿಂತ ಹೆಚ್ಚಾಗಿ ಅವರನ್ನು ಕೊಂಡೊಯ್ದದ್ದು ಗಾಳಿ ಎಬ್ಬಿಸಿ ತಂದ ಕಡಲ ನೀರು.

೨೦೨೧ರ ಮೇ ೧೭ರ ರಾತ್ರಿ ‘ತೌಕ್ತೆ’ ದೀವ್ ಮತ್ತು ಊನಾಗಳ ನಡುವೆ ನೆಲವನ್ನು ಮುಟ್ಟಿದಾಗ ಅದರ ವೇಗ ಗಂಟೆಗೆ ೧೬೦ ಕಿಲೋಮೀಟರಿನ ಆಸುಪಾಸಿನಲ್ಲಿದ್ದಿತು. ಅದಕ್ಕೆ ಮುಂಚೆ ಸುಮಾರು ಎರಡು ಲಕ್ಷ ಜನರನ್ನು ತೀರದಿಂದ ಒಳಕ್ಕೆ ಸಾಗಿಸಿದ್ದರು. ಮರುದಿನ ಅದು ಕುಗ್ಗಿದ ರೂಪದಲ್ಲಿ ಅಹಮದಾಬಾದಿನ ಬಳಿಗೆ ಬಂದಿತು; ವಿಮಾನನಿಲ್ದಾಣವನ್ನು ಮುಚ್ಚಬೇಕಾಯಿತು, ಬೀದಿಗಳಲ್ಲಿ ಮರಗಳು ಉರುಳಿದುವು, ಗಿರ್ ಪ್ರಾಂತದ ಮಾವಿನ ಫಸಲು ನೆಲಕಚ್ಚಿತು. ಆ ಸಲ ರಾಜ್ಯದಲ್ಲಾದ ಸಾವುಗಳಲ್ಲಿ ಅನೇಕವು ಗೋಡೆ ಕುಸಿದು ಆದುವು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈಗ ಗಾಳಿಯ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕವೆಂದರೆ ಬೇಸರಪಡುವವರು ಒಂದು ಸಂಗತಿಯನ್ನು ಮಾತ್ರ ಹಿಡಿದುಕೊಂಡರೆ ಸಾಕು: ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮತ್ತೆ ೦.೬ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್ನುಗಳಲ್ಲಿ ಸಿಕ್ಕುತ್ತದೆ, ೯.೮ರಿಂದ ಭಾಗಿಸಿದರೆ ಕಿಲೋಗ್ರಾಮಿನ ಭಾರ. ಕಟ್ಟಡಗಳ ಮೇಲೆ ಬೀಳುವ ಗಾಳಿಯ ಭಾರವನ್ನು ಕುರಿತ ಭಾರತೀಯ ಮಾನಕ ೮೭೫ರ ಮೂರನೆಯ ಭಾಗವು ಪ್ರತಿಯೊಂದು ನಗರಕ್ಕೂ ಒಂದು ಮೂಲವೇಗವನ್ನು ಗೊತ್ತುಮಾಡಿದೆ. ಬೆಂಗಳೂರಿಗೆ ಅದು ಸೆಕೆಂಡಿಗೆ ೩೩ ಮೀಟರು. ಮಂಗಳೂರಿಗೂ ಅಹಮದಾಬಾದಿಗೂ ೩೯. ವಡೋದರಾ ಮತ್ತು ಸೂರತ್ತುಗಳಿಗೆ ೪೪, ಭುಜ್‌ಗೆ ೫೦. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಸೂರತ್ತಿನ ಮೂಲವೇಗ ಸುಮಾರು ೧೫೮ ಕಿಲೋಮೀಟರು. ಬೆಂಗಳೂರಿನ ಗೋಡೆಯ ಒಂದು ಚದರ ಮೀಟರು ೬೭ ಕಿಲೋ ಭಾರವನ್ನು ತಡೆಯಬೇಕಾದರೆ, ಅಹಮದಾಬಾದಿನದು ೯೩ನ್ನೂ ಸೂರತ್ತಿನದು ೧೧೮ನ್ನೂ ತಡೆಯಬೇಕು. ಬೆಂಗಳೂರಿಗೂ ಸೂರತ್ತಿಗೂ ವೇಗದಲ್ಲಿ ಮೂರನೆಯ ಒಂದರಷ್ಟು ಅಂತರ, ಭಾರದಲ್ಲಿ ಮುಕ್ಕಾಲು ಪಾಲು. ಊರಿನಲ್ಲಿ ಮನೆ ಕಟ್ಟಿಸಿದ ಅನುಭವವನ್ನು ಇಲ್ಲಿಗೆ ಹಾಗೆಯೇ ಹೊತ್ತುತರಬಾರದೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಲದೆ?

ಗೋಡೆಯನ್ನು ಗಾಳಿ ತಳ್ಳುತ್ತದೆ, ಮಾಡನ್ನು ಮೇಲಕ್ಕೆ ಎಳೆಯುತ್ತದೆ. ಮಾಡಿನ ಮೇಲೆ ಹಾದುಹೋಗುವ ಗಾಳಿ ಅಲ್ಲಿ ಹೀರುವಿಕೆಯನ್ನುಂಟುಮಾಡುವುದೇ ಇದಕ್ಕೆ ಕಾರಣ. ಈ ಹೀರುವಿಕೆ ಮಾಡಿನ ಮೂಲೆಗಳಲ್ಲಿ, ಅಂಚುಗಳಲ್ಲಿ, ನೆತ್ತಿಯಲ್ಲಿ ಅತ್ಯಧಿಕ. ಒಂದು ಮಂಗಳೂರು ಹೆಂಚು ಎರಡು ಮೂರು ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹೆಂಚುಗಳಂತೆ ಹಿಡಿದರೆ ಮೂವತ್ತರಿಂದ ನಲವತ್ತೈದು ಕಿಲೋ. ಮೇಲಕ್ಕೆಳೆಯುವ ಬಲ ಇದರ ಎರಡು ಮೂರು ಪಾಲಾಗಬಹುದಾದ ಊರಿನಲ್ಲಿ, ತನ್ನ ತೂಕವನ್ನೇ ನಂಬಿ ಕುಳಿತ ಹೆಂಚು ಎಷ್ಟು ಹೊತ್ತು ಕುಳಿತೀತು? ತಗಡಿನ ಮಾತೇ ಬೇಡ. ಅದರ ತೂಕ ಚದರ ಮೀಟರಿಗೆ ನಾಲ್ಕಾರು ಕಿಲೋ ಮಾತ್ರ. ತಗಡನ್ನು ಹಿಡಿದಿಡುವುದು ಅದರ ಮೊಳೆ ಬೋಲ್ಟುಗಳು. ಅವುಗಳಿಗೆ ತುಕ್ಕು ಹಿಡಿದಿದ್ದರೆ, ಇಲ್ಲವೇ ಅಂಚಿನಲ್ಲಿ ದೂರದೂರ ಹೊಡೆದಿದ್ದರೆ, ತಗಡು ಹಾರುತ್ತದೆ. ಹಾರಿದ ತಗಡು ಎದುರು ಮನೆಯವರಿಗೆ ಕತ್ತಿ. ತಗಡಿನ ಮೇಲೆ ಕಲ್ಲುಗಳನ್ನೂ ಹಳೆಯ ಟಯರುಗಳನ್ನೂ ಹೇರುವ ಪದ್ಧತಿ ಸಾಧಾರಣ ಗಾಳಿಗೆ ಸರಿ. ಚಂಡಮಾರುತದಲ್ಲಿ ಆ ಕಲ್ಲುಗಳೇ ಕೆಳಗಿದ್ದವರ ತಲೆಯ ಮೇಲೆ ಬೀಳುವುವು. ಮಾಡನ್ನು ತೊಲೆಗೆ, ತೊಲೆಯನ್ನು ಗೋಡೆಗೆ, ಗೋಡೆಯನ್ನು ಅಡಿಪಾಯಕ್ಕೆ ಕಬ್ಬಿಣದ ಪಟ್ಟಿಯಿಂದಲೋ ಬೋಲ್ಟಿನಿಂದಲೋ ಒಂದೇ ಸರಪಣಿಯಂತೆ ಬಿಗಿಯುವುದೇ ನಿಜವಾದ ಉಪಾಯ. ಈ ಕೆಲಸವನ್ನು ಮಾಡಿಸಬೇಕಾದುದು ಫೆಬ್ರವರಿ-ಮಾರ್ಚಿನಲ್ಲಿ. ಎಚ್ಚರಿಕೆ ಬಂದ ದಿನ ಏಣಿಯನ್ನು ಹತ್ತುವುದು ಆತ್ಮಹತ್ಯೆಗೆ ಸಮಾನ.

ಇನ್ನು ಕಿಟಕಿ. ಇಂದು ನಮ್ಮವರಲ್ಲಿ ಬಹುಮಂದಿ ಇರುವುದು ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳ ಫ್ಲಾಟುಗಳಲ್ಲಿ. ಇವುಗಳ ಕಂಬ ತೊಲೆಗಳ ವಿಷಯದಲ್ಲಿ ಅಷ್ಟೇನೂ ಚಿಂತೆಯಿಲ್ಲ. ಚಿಂತೆಯಿರುವುದು ಅಲ್ಯೂಮಿನಿಯಮಿನ ಜಾರುಕಿಟಕಿಗಳಲ್ಲಿ, ಗಾಜು ಹಾಕಿ ಮುಚ್ಚಿಸಿದ ಬಾಲ್ಕನಿಗಳಲ್ಲಿ. ಒಂದು ಮೀಟರು ಇಪ್ಪತ್ತು ಸೆಂಟಿಮೀಟರಿನ ಚೌಕ ಕಿಟಕಿಯ ಮೇಲೆ, ಮೇಲೆ ಹೇಳಿದ ಲೆಕ್ಕದಂತೆ, ಸೂರತ್ತಿನಲ್ಲಿ ೧೭೦ ಕಿಲೋ ಭಾರ ಬೀಳಬಹುದು. ಎತ್ತರ ಹೆಚ್ಚಿದಂತೆ ಗಾಳಿಯ ವೇಗವೂ ಹೆಚ್ಚುವುದರಿಂದ ಹತ್ತನೆಯ ಮಹಡಿಯವನ ಪಾಲು ಇನ್ನೂ ದೊಡ್ಡದು. ಗಾಳಿಗೆದುರಾದ ಕಿಟಕಿ ಒಡೆದರೆ ಗಾಳಿ ಒಳಹೊಕ್ಕು ಒಳಗಿನಿಂದಲೂ ಮಾಡನ್ನೂ ಹಿಂದಿನ ಗೋಡೆಯನ್ನೂ ನೂಕುತ್ತದೆ. ಹೆಂಚಿನ ಅಥವಾ ತಗಡಿನ ಮನೆಯಲ್ಲಿ ಮಾಡು ಹಾರುವುದು ಅನೇಕವೇಳೆ ಈ ಕ್ಷಣದಲ್ಲಿಯೇ.

ಇಲ್ಲಿ ಎರಡು ಮೂಢನಂಬಿಕೆಗಳನ್ನು ಖಂಡಿಸಬೇಕಾಗಿದೆ. ಗಾಜಿಗೆ ಗುಣಾಕಾರದ ಚಿಹ್ನೆಯಂತೆ ಅಂಟುಪಟ್ಟಿಯನ್ನು ಹಚ್ಚಿದರೆ ಗಾಜು ಒಡೆಯುವುದಿಲ್ಲವೆಂಬುದು ಮೊದಲನೆಯದು. ಪಟ್ಟಿಯಿಂದ ಗಾಜಿಗೆ ಬಲ ಬರುವುದಿಲ್ಲ. ದೊಡ್ಡ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಇನ್ನಷ್ಟು ಅಪಾಯಕರವಾಗಬಹುದು. ಒತ್ತಡವನ್ನು ಸಮಮಾಡುವುದಕ್ಕಾಗಿ ಎದುರುಬದಿಯ ಕಿಟಕಿಯನ್ನು ತುಸು ತೆರೆದಿಡಬೇಕೆಂಬುದು ಎರಡನೆಯದು. ಎಲ್ಲ ಕಿಟಕಿ ಬಾಗಿಲುಗಳನ್ನೂ ಭದ್ರವಾಗಿ ಮುಚ್ಚಿಡುವುದೇ ಸರಿ. ನೆಲಮಹಡಿಯ ಮನೆಯವರು ಹೊರಗಿನಿಂದ ಪ್ಲೈವುಡ್ಡಿನ ಹಲಗೆಯನ್ನು ತಿರುಪುಮೊಳೆಗಳಿಂದ ಬಿಗಿಯಬಹುದು. ಮೇಲಿನ ಮಹಡಿಗಳಲ್ಲಿ ಅದು ಆಗದ ಮಾತು. ಅಲ್ಲಿ ಪರದೆಗಳನ್ನು ಎಳೆದು, ಮಂಚವನ್ನು ಕಿಟಕಿಯಿಂದ ದೂರ ಸರಿಸಿ, ಗಾಳಿ ಬಲಿತ ಹೊತ್ತಿನಲ್ಲಿ ನಡುವಿನ ಕೋಣೆಯಲ್ಲೋ ಓಣಿಯಲ್ಲೋ ಕೂರುವುದೇ ರಕ್ಷಣೆ.

ತಾರಸಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಇಲ್ಲಿಯವರು ‘ಅಗಾಶಿ’ ಎನ್ನುವ ಈ ಜಾಗ ಸಂಕ್ರಾಂತಿಯ ಪತಂಗಗಳ ಕಾಲದಲ್ಲಿ ಮಾತ್ರ ಎಲ್ಲರದು, ಮಿಕ್ಕ ದಿನಗಳಲ್ಲಿ ಯಾರದೂ ಅಲ್ಲ. ಮುರಿದ ಕುರ್ಚಿ, ಹೂವಿನ ಕುಂಡ, ಉಳಿದ ತಗಡು ಎಲ್ಲವೂ ಅಲ್ಲಿರುತ್ತವೆ. ಇವೇ ಗಾಳಿಯ ಆಯುಧಗಳು. ಸಾವಿರ ಲೀಟರಿನ ಪ್ಲಾಸ್ಟಿಕ್ ತೊಟ್ಟಿ ತುಂಬಿದ್ದರೆ ಒಂದು ಟನ್ನು ತೂಗುತ್ತದೆ. ಬರಿದಾಗಿದ್ದರೆ ಒಬ್ಬ ಹುಡುಗನೂ ಎತ್ತಬಲ್ಲ. ಆದುದರಿಂದ ಎಚ್ಚರಿಕೆ ಬಂದೊಡನೆ ತೊಟ್ಟಿಗಳನ್ನು ತುಂಬಿಸಿಡುವುದರಿಂದ ಇಮ್ಮಡಿ ಲಾಭ: ತೊಟ್ಟಿ ಹಾರುವುದಿಲ್ಲ, ವಿದ್ಯುತ್ತು ಹೋದಾಗ ಕುಡಿಯಲು ನೀರಿರುತ್ತದೆ. ಗುಜರಾತಿನ ತಾರಸಿಗಳಲ್ಲಿ ಈಗ ಸೌರಫಲಕಗಳು ಎಲ್ಲೆಡೆಯೂ ಕಾಣುತ್ತವೆ. ಒಂದೊಂದು ಫಲಕವೂ ಗಾಳಿಗೆ ಹಿಡಿದ ಒಂದು ಹಾಯಿ. ಅದರ ಚೌಕಟ್ಟಿನ ಹಿಡಿಕೆಗಳನ್ನು ಕೂರಿಸಿದವರಿಂದಲೇ ವರ್ಷಕ್ಕೊಮ್ಮೆ ಬಿಗಿಸಬೇಕು.

ಇಷ್ಟಾದರೂ ನಮ್ಮ ಮೂರು ನಗರಗಳಲ್ಲಿ ಗಾಳಿಯದು ಎರಡನೆಯ ಸ್ಥಾನ, ಮೊದಲನೆಯದು ನೀರಿನದು. ಚಂಡಮಾರುತಕ್ಕೆ ಬಲವನ್ನು ಕೊಡುವುದು ಬೆಚ್ಚನೆಯ ಕಡಲಿನ ಆವಿ. ನೆಲಕ್ಕೆ ಬಂದೊಡನೆ ಅದು ಸೊರಗತೊಡಗುತ್ತದೆ. ಅಹಮದಾಬಾದು ಖಂಭಾತ ಕೊಲ್ಲಿಯ ತುದಿಯಿಂದಲೂ ಬಹಳ ಒಳಗಿದೆ, ವಡೋದರೆಯೂ ಒಳನಾಡೇ. ಸೂರತ್ತು ಮಾತ್ರ ತಾಪಿಯ ಮುಖಕ್ಕೆ ಸಮೀಪದಲ್ಲಿದ್ದು, ಡುಮಸ್, ಹಜೀರಾಗಳ ಕಡೆ ನೇರವಾಗಿ ಕಡಲಿಗೇ ತೆರೆದುಕೊಂಡಿದೆ. ಖಂಭಾತ ಕೊಲ್ಲಿಯ ಉಬ್ಬರವಿಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು; ಭಾವನಗರದ ಬಳಿ ಅದು ಹತ್ತು ಮೀಟರಿನಷ್ಟಿರುತ್ತದೆ. ಉಬ್ಬರದ ಹೊತ್ತಿಗೆ ಸರಿಯಾಗಿ ಚಂಡಮಾರುತವೂ ನೀರನ್ನು ನೂಕಿದರೆ ನದಿಯ ಬಾಯಿ ಕಟ್ಟಿದಂತಾಗುತ್ತದೆ. ಮೇಲಿನಿಂದ ಬಂದ ಮಳೆನೀರಿಗೆ ಹೊರಹೋಗಲು ದಾರಿಯಿಲ್ಲ.

ಸೂರತ್ತಿನ ಹಿರಿಯರು ೧೯೬೮ರ ಮತ್ತು ೨೦೦೬ರ ಆಗಸ್ಟಿನ ತಾಪಿಯ ಪ್ರವಾಹಗಳನ್ನು ಮರೆತಿಲ್ಲ. ಎರಡನೆಯದರಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ನಗರದ ಬಹುಭಾಗವನ್ನು ಮುಳುಗಿಸಿತು. ಅದು ಚಂಡಮಾರುತದ ಪ್ರವಾಹವಲ್ಲ, ನಿಜ. ಆದರೆ ಯಾವ ಬೀದಿ ತಗ್ಗು, ಯಾವುದು ಎತ್ತರ ಎಂಬುದನ್ನು ಅದು ಬರೆದಿಟ್ಟು ಹೋಗಿದೆ. ವಡೋದರೆಯ ನಿದರ್ಶನ ಇನ್ನೂ ಹೊಸದು. ೨೦೨೪ರ ಆಗಸ್ಟಿನ ಕೊನೆಯ ವಾರದಲ್ಲಿ ನೆಲದ ಮೇಲೆಯೇ ಸಾಗುತ್ತಿದ್ದ ಒಂದು ವಾಯುಭಾರ ಕುಸಿತವು ಗುಜರಾತಿನಾದ್ಯಂತ ಮಳೆಯನ್ನು ಸುರಿಯಿತು. ವಿಶ್ವಾಮಿತ್ರಿ ನದಿ ಉಕ್ಕಿ ಸಮಾ, ಫತೇಗಂಜ್, ಅಕೋಟಾ ಮೊದಲಾದ ಬಡಾವಣೆಗಳಿಗೆ ನುಗ್ಗಿತು. ನದಿಯ ಮೊಸಳೆಗಳು ವಸತಿಗಳಿಗೆ ಬಂದುವು. ಅದೇ ಕುಸಿತವು ಮುಂದೆ ಕಚ್ಛದಾಚೆ ಕಡಲಿಗಿಳಿದು ಆಗಸ್ಟ್ ೩೦ರಂದು ‘ಅಸ್ನಾ’ ಎಂಬ ಚಂಡಮಾರುತವಾಯಿತು. ೧೯೭೬ರ ಬಳಿಕ ಅರಬ್ಬೀ ಸಮುದ್ರದಲ್ಲಿ ಆಗಸ್ಟಿನಲ್ಲಿ ಹುಟ್ಟಿದ ಮೊದಲ ಚಂಡಮಾರುತ ಅದು. ಹೆಸರು ಪಡೆಯುವುದಕ್ಕೆ ಮುಂಚೆಯೇ ಅದು ವಡೋದರೆಯನ್ನು ಮುಳುಗಿಸಿತ್ತೆಂಬುದನ್ನು ಗಮನಿಸಬೇಕು. ಹೆಸರಿಟ್ಟ ಚಂಡಮಾರುತಕ್ಕೆ ಮಾತ್ರ ಹೆದರುವವನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಭಾರತ ಹವಾಮಾನ ಇಲಾಖೆಯು ನಾಲ್ಕು ಮೆಟ್ಟಿಲುಗಳಲ್ಲಿ ಎಚ್ಚರಿಸುತ್ತದೆ. ಸುಮಾರು ಮೂರು ದಿನ ಮುಂಚೆ ಒಂದು ಪೂರ್ವಸೂಚನೆ. ಎರಡು ದಿನ ಮುಂಚೆ ಹಳದಿ ಬಣ್ಣದ ಜಾಗ್ರತೆ. ಒಂದು ದಿನ ಮುಂಚೆ ಕಿತ್ತಳೆ ಬಣ್ಣದ ಎಚ್ಚರಿಕೆ. ಹನ್ನೆರಡು ಗಂಟೆ ಮುಂಚೆ, ನೆಲ ಹೊಕ್ಕ ಮೇಲೆ ಏನಾಗುವುದೆಂಬುದನ್ನೂ ಹೇಳುವ ಕೆಂಪು ಬಣ್ಣದ ಪ್ರಕಟಣೆ. ಗುಜರಾತಿಗೆ ಸಂಬಂಧಿಸಿದ ಚಂಡಮಾರುತ ಎಚ್ಚರಿಕೆಯ ಕೇಂದ್ರ ಅಹಮದಾಬಾದಿನಲ್ಲಿಯೇ ಇದೆ. ಗಾಳಿಯ ವೇಗ ಗಂಟೆಗೆ ೬೨ ಕಿಲೋಮೀಟರನ್ನು ಮುಟ್ಟಿದಾಗ ಚಂಡಮಾರುತವೆಂಬ ಹೆಸರು, ೮೯ಕ್ಕೆ ತೀವ್ರ, ೧೧೮ಕ್ಕೆ ಅತಿ ತೀವ್ರ, ೧೬೭ಕ್ಕೆ ಅತ್ಯಂತ ತೀವ್ರ, ೨೨೨ಕ್ಕೆ ಮಹಾಚಂಡಮಾರುತ. ಭೂಪಟದ ಮೇಲೆ ಎಳೆದ ತೆಳುಗೆರೆಯನ್ನು ಮಾತ್ರ ನೋಡಿ ‘ನಮ್ಮೂರಿಗೆ ಬರುವುದಿಲ್ಲ’ ಎನ್ನುವವರುಂಟು. ಒಂದು ದಿನ ಮುಂಚಿನ ಸೂಚನೆಯಲ್ಲಿ ಕೇಂದ್ರದ ಸ್ಥಾನ ಸರಾಸರಿ ೭೫ ಕಿಲೋಮೀಟರಿನಷ್ಟು ಆಚೀಚೆಯಾಗುತ್ತದೆ. ಅಹಮದಾಬಾದಿಗೂ ವಡೋದರೆಗೂ ನಡುವೆ ಇರುವುದು ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಗೆರೆಯ ಸುತ್ತಲಿನ ಅಗಲವಾದ ಪಟ್ಟಿಯೇ ನಿಜವಾದ ಸೂಚನೆ, ಗೆರೆಯಲ್ಲ. ಚಂಡಮಾರುತ ಸಾಗುವ ದಿಕ್ಕಿಗೆ ಬಲಗಡೆಯಲ್ಲಿ ಗಾಳಿ ಹೆಚ್ಚು ಬಿರುಸು. ಸೌರಾಷ್ಟ್ರವನ್ನು ಹೊಕ್ಕು ಉತ್ತರಕ್ಕೆ ಸಾಗುವುದಕ್ಕೆ ಬಲಗಡೆ ಬೀಳುವುದು ಖಂಭಾತ ಕೊಲ್ಲಿ ಮತ್ತು ಅದರ ಪೂರ್ವದ ದಂಡೆ.

೨೦೧೯ರ ಜೂನಿನಲ್ಲಿ ‘ವಾಯು’ ಎಂಬ ಚಂಡಮಾರುತವು ವೇರಾವಳದ ಆಸುಪಾಸಿನಲ್ಲಿ ನೆಲಕ್ಕೆ ಬರುವುದೆಂದು ತಿಳಿದು ಸುಮಾರು ಮೂರು ಲಕ್ಷ ಜನರನ್ನು ತೀರದಿಂದ ಸಾಗಿಸಿದರು. ಅದು ಕೊನೆಯ ಗಳಿಗೆಯಲ್ಲಿ ಪಶ್ಚಿಮಕ್ಕೆ ತಿರುಗಿ ಕಡಲಿನಲ್ಲಿಯೇ ಉಳಿಯಿತು. ಇಷ್ಟು ಜನರನ್ನು ವ್ಯರ್ಥವಾಗಿ ಓಡಾಡಿಸಿದರೆಂಬ ಆಕ್ಷೇಪಕ್ಕೆ ಲೆಕ್ಕದವನ ಉತ್ತರ ಹೀಗಿದೆ. ಹೊರಡುವುದರ ವೆಚ್ಚ ಎರಡು ದಿನದ ಗಳಿಕೆ, ಸ್ವಲ್ಪ ತೊಂದರೆ. ಇರಬಾರದ ಕಡೆ ಇದ್ದುದರ ವೆಚ್ಚ ಪ್ರಾಣ. ಹತ್ತರಲ್ಲಿ ಒಂದು ಸಲ ಮಾತ್ರ ಅಪಾಯ ನಿಜವಾದರೂ ಮೊದಲನೆಯ ವೆಚ್ಚವೇ ಅಗ್ಗ. ಮನೆಗೆ ಬೆಂಕಿ ಬೀಳಲಿಲ್ಲವೆಂದು ವಿಮೆಯ ಕಂತಿಗಾಗಿ ಅಳುವವರನ್ನು ನಾನು ಕಂಡಿಲ್ಲ. ಒಡಿಶಾದಲ್ಲಿ ೧೯೯೯ರ ಅಕ್ಟೋಬರಿನ ಮಹಾಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ೨೦೧೩ರ ಅಕ್ಟೋಬರಿನ ‘ಫೈಲಿನ್’ಗೆ ಮುಂಚೆ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ೨೦೨೩ರಲ್ಲಿ ಕಚ್ಛ-ಸೌರಾಷ್ಟ್ರಗಳ ತೀರದಿಂದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಕ್ಕೆ ತಂದುದೂ ಇದೇ ವಿವೇಕದಿಂದ. ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ; ಅದನ್ನು ಮುಚ್ಚಿಡಬಾರದು. ಸಂಬಳದಾರನಿಗೆ ಎರಡು ದಿನ ಎಂದರೆ ರಜೆ, ದಿನಗೂಲಿಯವನಿಗೆ ಎರಡು ದಿನ ಎಂದರೆ ಉಪವಾಸ. ಅವನು ಹೊರಡಲು ಒಪ್ಪದಿದ್ದರೆ ಅದು ಮೌಢ್ಯವಲ್ಲ.

ಹಾಗಾದರೆ ನಮ್ಮ ನಗರಗಳಲ್ಲಿ ಯಾರು ಹೊರಡಬೇಕು? ತಗಡಿನ ಮಾಡಿನವರು, ಮಣ್ಣಿನ ಇಲ್ಲವೇ ಬಿರುಕುಬಿಟ್ಟ ಗೋಡೆಯವರು, ಕಂಬವಿಲ್ಲದ ಉದ್ದನೆಯ ಆವರಣಗೋಡೆಗೆ ಒತ್ತಿಕೊಂಡು ಮಲಗುವವರು ಗಾಳಿಯ ದೆಸೆಯಿಂದ ಹೊರಡಬೇಕು. ತೌಕ್ತೆಯ ದಿನ ಗೋಡೆಗಳು ಮಾಡಿದ ಕೆಲಸವನ್ನು ಮೇಲೆ ಹೇಳಿದೆ. ಅಹಮದಾಬಾದಿನ ಹಳೆಯ ಪೋಳುಗಳಲ್ಲಿ, ಗಿರಣಿಯ ಚಾಲಿಗಳಲ್ಲಿ ಇರುವವರು ಕಟ್ಟಡದ ಈಗಿನ ಸ್ಥಿತಿಯನ್ನು ನೋಡಿ ತೀರ್ಮಾನಿಸಬೇಕು, ಅದರ ಕೀರ್ತಿಯನ್ನು ನೋಡಿ ಅಲ್ಲ. ವಿಶ್ವಾಮಿತ್ರಿಯ ಅಥವಾ ತಾಪಿಯ ತಗ್ಗಿನಲ್ಲಿ ನೆಲಮಹಡಿಯಲ್ಲಿರುವವರು ನೀರಿನ ದೆಸೆಯಿಂದ ಹೊರಡಬೇಕು. ಆಮ್ಲಜನಕದ ಯಂತ್ರವನ್ನೋ ವಾರಕ್ಕೆರಡು ಮೂರು ಸಲ ಡಯಾಲಿಸಿಸ್ಸನ್ನೋ ಅವಲಂಬಿಸಿದ ರೋಗಿಗಳು, ದಿನ ತುಂಬಿದ ಗರ್ಭಿಣಿಯರು ವಿದ್ಯುತ್ತು ಮತ್ತು ದಾರಿ ಎರಡೂ ಹೋಗುವ ಮುಂಚೆ ಆಸ್ಪತ್ರೆಗೆ ಸಮೀಪವಾಗಬೇಕು. ಮ್ಯುನಿಸಿಪಾಲಿಟಿಯವರೋ ಪೋಲೀಸರೋ ಹೊರಡಲು ಹೇಳಿದರೆ ಮನೆ ಎಷ್ಟೇ ಗಟ್ಟಿಯಾಗಿದ್ದರೂ ವಾದಿಸಬಾರದು. ಉಳಿದವರು, ಅಂದರೆ ಎತ್ತರದ ನೆಲದಲ್ಲಿ ಕಾಂಕ್ರೀಟಿನ ಕಟ್ಟಡದ ಎರಡನೆಯ ಮೂರನೆಯ ಮಹಡಿಗಳಲ್ಲಿರುವವರು, ಇದ್ದಲ್ಲಿಯೇ ಇರುವುದು ಲೇಸು. ರಸ್ತೆಗಳನ್ನು ಹೊರಡಲೇಬೇಕಾದವರಿಗೆ ಬಿಟ್ಟುಕೊಡುವುದೂ ಒಂದು ಉಪಕಾರ.

ಹೊರಡುವುದೆಂದರೆ ಎಲ್ಲಿಗೆ? ನಮ್ಮವರ ಮನಸ್ಸು ಮೊದಲು ಓಡುವುದು ಊರಿನ ಕಡೆಗೆ. ಅದಿಲ್ಲವಾದರೆ ಮುಂಬಯಿಯ ಭಾವನ ಮನೆಗೆ. ೨೦೨೧ರ ಮೇ ೧೭ರಂದು ತೌಕ್ತೆಯು ಗುಜರಾತನ್ನು ಮುಟ್ಟುವ ಮುಂಚೆ ಹಗಲೆಲ್ಲ ಮುಂಬಯಿಯನ್ನು ಥಳಿಸಿತು, ಅಲ್ಲಿಯ ವಿಮಾನನಿಲ್ದಾಣವೂ ಗಂಟೆಗಟ್ಟಲೆ ಮುಚ್ಚಿತ್ತು. ಎರಡು ದಿನ ಮುಂಚೆ ಅದು ಉಡುಪಿ-ಮಂಗಳೂರುಗಳ ಕಡಲಂಚನ್ನು ಕೆಡವಿತ್ತು. ಅಂದು ದಕ್ಷಿಣಕ್ಕೆ ರೈಲು ಹತ್ತಿದವನು ಚಂಡಮಾರುತವನ್ನು ಎದುರುಗೊಳ್ಳಲು ಹೊರಟಂತೆಯೇ ಆಗುತ್ತಿತ್ತು. ರೈಲುಗಳು ರದ್ದಾಗುವುದಂತೂ ಪ್ರತಿಸಲದ ವಾಡಿಕೆ. ದೂರ ಹೋಗಬೇಕಾಗಿಲ್ಲ. ಅದೇ ನಗರದಲ್ಲಿ ಎತ್ತರದ ನೆಲದ ಗಟ್ಟಿಮನೆಯೊಂದು, ಇಲ್ಲವೇ ಅದೇ ಕಟ್ಟಡದಲ್ಲಿ ಮೇಲಿನ ಮಹಡಿಯ ನೆರೆಯವರ ಮನೆ ಸಾಕು. ಈ ಏರ್ಪಾಡನ್ನು ಏಪ್ರಿಲ್ಲಿನಲ್ಲಿಯೇ ಮಾತನಾಡಿಕೊಂಡಿರಬೇಕು. ಹೊರಡತಕ್ಕ ಹೊತ್ತು ಕಿತ್ತಳೆ ಎಚ್ಚರಿಕೆಯ ಹಗಲು. ಗಾಳಿ ಬಲಿತ ಮೇಲೆ ಹೊರಡುವುದು ಉಳಿಯುವುದಕ್ಕಿಂತ ಕೇಡು.

ನಮ್ಮ ಸಂಘಗಳು ಮಾಡಬಹುದಾದ ಒಂದು ಕೆಲಸ ಇಲ್ಲಿದೆ. ಹೋಟಲುಗಳ ಹಿಂಬದಿಯ ತಗಡಿನ ಕೋಣೆಗಳಲ್ಲಿ ಮಲಗುವ ನಮ್ಮೂರಿನ ಹುಡುಗರು, ನಮ್ಮ ಹೌಸಿಂಗ್ ಸೊಸೈಟಿಗಳ ಕಾವಲುಗಾರರು, ಪಕ್ಕದ ನಿವೇಶನದಲ್ಲಿ ಕಟ್ಟಡ ಕಟ್ಟುತ್ತಿರುವ ಕೂಲಿಯವರು, ಇವರಿಗೆ ಆ ಒಂದೆರಡು ರಾತ್ರಿ ಸಂಘದ ಸಭಾಭವನವನ್ನೂ ಸೊಸೈಟಿಯ ಸಮುದಾಯಕೋಣೆಯನ್ನೂ ತೆರೆದು, ಊಟಕ್ಕೆ ಹಾಕಿದರೆ, ಮೇಲೆ ಹೇಳಿದ ಲೆಕ್ಕದ ತೊಡಕು ಅಷ್ಟರಮಟ್ಟಿಗೆ ಬಿಡಿಸುತ್ತದೆ. ಖರ್ಚು ಒಂದು ಸಣ್ಣ ಸಂತರ್ಪಣೆಯದು.

ಉಳಿದವರು ಮನೆಯಲ್ಲಿ ಮೂರು ದಿನಕ್ಕೆ ಸಾಕಾಗುವಷ್ಟು ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಹುರಿಹಿಟ್ಟು, ಔಷಧಿ, ಟಾರ್ಚು ಇವನ್ನಿಟ್ಟುಕೊಳ್ಳಬೇಕು. ಇನ್ವರ್ಟರಿನ ಬ್ಯಾಟರಿ ನೆಲದ ಮೇಲಿದ್ದರೆ ಎತ್ತರಿಸಬೇಕು. ಲಿಫ್ಟನ್ನು ಬಳಸಬಾರದು. ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರನ್ನು ಮುಂಚೆಯೇ ಎತ್ತರಕ್ಕೆ ತಂದಿಡಬೇಕು; ನೀರು ನುಗ್ಗತೊಡಗಿದ ಮೇಲೆ ಅದನ್ನು ತರಲು ಇಳಿಯುವುದು ಪ್ರಾಣಾಪಾಯ. ಗಾಳಿ ಒಮ್ಮೆಲೆ ನಿಂತು ಆಕಾಶ ತಿಳಿಯಾದರೆ ಅದು ಚಂಡಮಾರುತದ ಕಣ್ಣಾಗಿರಬಹುದು. ಸ್ವಲ್ಪ ಹೊತ್ತಿನಲ್ಲಿ ಎದುರುದಿಕ್ಕಿನಿಂದ ಮತ್ತೆ ಬೀಸುತ್ತದೆ. ಇದು ವೇರಾವಳ, ದೀವ್‌ಗಳಂಥ ತೀರದ ಊರುಗಳಿಗೆ ಹೆಚ್ಚಾಗಿ ಅನ್ವಯಿಸತಕ್ಕ ಮಾತು. ನಮ್ಮ ನಗರಗಳಿಗೆ ಬರುವ ಹೊತ್ತಿಗೆ ಕಣ್ಣು ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ.

ಕೊನೆಯಲ್ಲಿ ಕಾಗದಪತ್ರಗಳು. ಸ್ವತ್ತಿನ ಕ್ರಯಪತ್ರ, ವಿಮಾಪತ್ರ, ಪಾಸ್‌ಪೋರ್ಟುಗಳನ್ನು ನೀರು ಹೊಗದ ಒಂದೇ ಚೀಲದಲ್ಲಿಟ್ಟು, ಅವುಗಳ ಚಿತ್ರಗಳನ್ನು ಊರಿನಲ್ಲಿರುವ ಒಬ್ಬ ಬಂಧುವಿಗೆ ಕಳುಹಿಸಿಟ್ಟಿರಬೇಕು. ನೋಂದಾಯಿತ ಪತ್ರ ಹಾಳಾದರೂ ಸಬ್‌ರಿಜಿಸ್ಟ್ರಾರರ ಕಚೇರಿಯಿಂದ ದೃಢೀಕೃತ ನಕಲನ್ನು ಪಡೆಯಬಹುದು. ಗಾಬರಿಯಾಗಿ ಅದಕ್ಕಾಗಿ ನೀರಿಗಿಳಿಯಬೇಕಾಗಿಲ್ಲ. ಬ್ಯಾಂಕಿನ ಲಾಕರಿನಲ್ಲಿಟ್ಟ ವಸ್ತುಗಳಿಗೆ ಬ್ಯಾಂಕೇ ಹೊಣೆಯೆಂದು ಬಹುಜನ ತಿಳಿದಿದ್ದಾರೆ. ರಿಸರ್ವ್ ಬ್ಯಾಂಕು ೨೦೨೧ರಲ್ಲಿ ಹೊರಡಿಸಿ ೨೦೨೨ರ ಜನವರಿ ೧ರಿಂದ ಜಾರಿಗೆ ತಂದ ನಿಯಮಗಳಂತೆ, ಭೂಕಂಪ, ಪ್ರವಾಹ, ಸಿಡಿಲುಗಳಂಥ ದೈವಿಕ ಕಾರಣಗಳಿಂದಾದ ನಷ್ಟಕ್ಕೆ ಬ್ಯಾಂಕು ಹೊಣೆಯಲ್ಲ. ಆದರೆ ಲಾಕರುಗಳನ್ನು ಇಂಥ ಆಪತ್ತಿನಿಂದ ಕಾಪಾಡಲು ತಕ್ಕ ಎಚ್ಚರಿಕೆ ವಹಿಸಬೇಕಾದುದು ಅದರ ಕರ್ತವ್ಯ. ಆದುದರಿಂದ ನೆಲಮಾಳಿಗೆಯ ಲಾಕರಿನ ಕೆಳಗಿನ ಸಾಲಿನಲ್ಲಿ ಕಾಗದಗಳನ್ನು ಬರಿದೆ ಇಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು ಮೇಲು.

ಮನೆಯ ವಿಮೆಯ ವಿಷಯದಲ್ಲಿ ೨೦೨೧ರ ಏಪ್ರಿಲ್ ೧ರಿಂದ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ಯೋಜನೆಯನ್ನು ಸಾಮಾನ್ಯ ವಿಮಾ ಸಂಸ್ಥೆಗಳು ಮಾರುತ್ತಿವೆ. ಚಂಡಮಾರುತ, ಬಿರುಗಾಳಿ, ಪ್ರವಾಹ ಮೂರೂ ಇದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆಯಿದ್ದರೆ ಅದರ ನೂರಕ್ಕೆ ಇಪ್ಪತ್ತರಷ್ಟು, ಹತ್ತು ಲಕ್ಷ ರೂಪಾಯಿಯ ಮಿತಿಗೊಳಪಟ್ಟು, ಒಳಗಿನ ಸಾಮಾನುಗಳಿಗೂ ರಕ್ಷೆಯುಂಟು. ಬಾಡಿಗೆದಾರರು ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದು. ನಗದು ಹಣ, ಕಾಗದಪತ್ರ, ವಾಹನಗಳು ಇದರಲ್ಲಿ ಸೇರುವುದಿಲ್ಲ. ಗೃಹಸಾಲದೊಡನೆ ಮಾಡಿಸಿದ ವಿಮೆ ಅನೇಕವೇಳೆ ಕಟ್ಟಡಕ್ಕಷ್ಟೇ ಸೀಮಿತವಾಗಿರುವುದರಿಂದ ಪತ್ರವನ್ನು ತೆರೆದು ಓದಬೇಕು. ವಾಹನಕ್ಕೆ ಮೂರನೆಯವರ ಹಾನಿಯ ವಿಮೆ ಮಾತ್ರವಿದ್ದರೆ ಪ್ರವಾಹದ ನಷ್ಟಕ್ಕೆ ಬಿಡಿಗಾಸೂ ಬರುವುದಿಲ್ಲ. ಸಮಗ್ರ ವಿಮೆಯಿದ್ದರೂ, ನೀರಿನಲ್ಲಿ ನಿಂತ ಎಂಜಿನ್ನನ್ನು ಚಾಲೂಮಾಡಿ ಕೆಡಿಸಿದವರಿಗೆ ತಕರಾರು ತಪ್ಪದು.

ನೀರು ಇಳಿದು ಮನೆಗೆ ಮರಳಿದಾಗ ಮೊದಲು ಮುಖ್ಯ ಸ್ವಿಚ್ಚು ಆರಿದೆಯೇ ಎಂದು ನೋಡಬೇಕು. ನಿಂತ ನೀರಿನಲ್ಲಿ ಕಾಲಿಟ್ಟು ಅದನ್ನು ಮುಟ್ಟಬಾರದು. ಬೀದಿಯಲ್ಲಿ ಬಿದ್ದ ತಂತಿ ಸತ್ತಿದೆಯೆಂದು ಭಾವಿಸಬಾರದು. ವಡೋದರೆಯವರು ಕತ್ತಲೆಯ ಮೂಲೆಗಳಿಗೆ ಕೈ ಚಾಚುವ ಮುಂಚೆ ದೀಪ ಹಿಡಿಯುವುದು ಒಳ್ಳೆಯದು. ನೆನೆದ ಹಾಸಿಗೆ, ಕೆಟ್ಟ ಶೀತಪೆಟ್ಟಿಗೆಗಳನ್ನು ಒಡನೆಯೇ ಹೊರಗೆಸೆಯದೆ, ಗೋಡೆಯ ಮೇಲಿನ ನೀರಿನ ಗುರುತಿನೊಡನೆ ಚಿತ್ರ ತೆಗೆದು, ವಿಮಾ ಸಂಸ್ಥೆಗೆ ಅಂದೇ ತಿಳಿಸಿ, ಅವರ ಸರ್ವೇಯರು ಬಂದು ನೋಡುವವರೆಗೆ ಒಂದು ಕಡೆ ರಾಶಿ ಹಾಕಿಡಬೇಕು. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ದೂರವಾಣಿ ೧೦೭೭, ರಾಜ್ಯದ್ದು ೧೦೭೦.